ಮೂವತ್ತೊಂದು ನಿಮಿಷ

ವರದಿಯ ಮುಖಪುಟದಲ್ಲಿ ಅವನ ಹೆಸರಿರಲಿಲ್ಲ. ಒಳಪುಟದಲ್ಲೂ ಇರಲಿಲ್ಲ. ಕಟ್ಟಕಡೆಯ ಪುಟದಲ್ಲಿ, ಕೃತಜ್ಞತೆ ಹೇಳುವ ಜಾಗದಲ್ಲಿ, ಜೆರಾಕ್ಸ್ ಅಂಗಡಿಯವರಿಗೂ ಸಭೆಗಳಿಗೆ ಚಹಾ ತಂದುಕೊಟ್ಟವರಿಗೂ ನಡುವೆ ‘ವೇಳಾಪಟ್ಟಿ ವಿಭಾಗದ ಸಿಬ್ಬಂದಿ’ ಎಂದು ಒಂದು ಸಾಲಿತ್ತು. ಆ ವಿಭಾಗದಲ್ಲಿ ವೇಳಾಪಟ್ಟಿ ಬರೆಯುವವನು ಅವನೊಬ್ಬನೇ.

ಊರಿನ ನಡುವಿನ ದೊಡ್ಡ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಇಪ್ಪತ್ತೆರಡು ಕಿಲೋಮೀಟರು. ಅಷ್ಟನ್ನೂ ಅವನು ಹನ್ನೊಂದು ಸಲ ನಡೆದಿದ್ದ. ಹತ್ತೊಂಬತ್ತು ಸಿಗ್ನಲ್ಲುಗಳ ಕೆಂಪು ಎಷ್ಟು ಸೆಕೆಂಡು, ಹಸಿರು ಎಷ್ಟು ಸೆಕೆಂಡು, ಬಾಯಲ್ಲಿ ಹೇಳಬಲ್ಲವನಾಗಿದ್ದ. ಕೈಬೀಸಿಕೊಂಡು ಬಂದವನು ಬಸ್ಸು ಹತ್ತಲು ಎರಡು ಸೆಕೆಂಡು, ದೊಡ್ಡ ಪೆಟ್ಟಿಗೆ ಇದ್ದವನಿಗೆ ಏಳು. ನಿಲ್ದಾಣದ ಕಟ್ಟೆಯನ್ನು ಬಸ್ಸಿನ ನೆಲದ ಮಟ್ಟಕ್ಕೆ ಎತ್ತರಿಸಿದರೆ ಏಳು ಮೂರಾಗುತ್ತದೆ. ಹೀಗೆ ಸೆಕೆಂಡು ಸೆಕೆಂಡು ಹೆಕ್ಕಿ ಅವನು ಒಂದು ಯೋಜನೆ ಕಟ್ಟಿದ್ದ. ಬಸ್ಸಿಗೆ ಬೇರೆಯದೇ ಪಥ, ಆರೇ ಆರು ನಿಲ್ದಾಣ, ಮತ್ತು ಬಸ್ಸು ಬರುವ ಹೊತ್ತಿಗೆ ತಾನಾಗಿ ಹಸಿರಾಗಿ ದಾರಿಬಿಡುವ ಸಿಗ್ನಲ್ಲುಗಳ ಒಂದು ಪಟ್ಟಿ. ಕಾರಿನಲ್ಲಿ ಹೋದರೂ ಒಂದೂಕಾಲು ಗಂಟೆ ಹಿಡಿಯುವ ದಾರಿ. ಅವನ ಬಸ್ಸಿಗೆ ಮೂವತ್ತೊಂದು ನಿಮಿಷ.

ವರದಿಯ ಮುಖಪುಟದಲ್ಲಿದ್ದದ್ದು ಭಾವನ ಹೆಸರು. ಭಾವ ಎಂದರೆ ಹೆಂಡತಿಯ ಅಣ್ಣ, ಸಾರಿಗೆ ಕಚೇರಿಯ ಮುಖ್ಯ ಯೋಜನಾಧಿಕಾರಿ, ಇಪ್ಪತ್ತೆರಡು ವರ್ಷದ ಹಿಂದೆ ಅವನಿಗೆ ಈ ಕೆಲಸ ಕೊಡಿಸಿದವನು. ಕೊಡಿಸಿದ್ದನ್ನು ಒಂದು ದಿನವೂ ಮರೆಯಗೊಡದವನು.

"ನಿನ್ನ ಹೆಸರು ಹಾಕಿದ್ರೆ ಯಾರಪ್ಪಾ ಓದ್ತಾರೆ?" ಎಂದಿದ್ದ ಭಾವ, ಅವನ ಮನೆಯಲ್ಲೇ, ಅವನ ಊಟದ ಮೇಜಿನ ಮುಂದೆಯೇ ಕುಳಿತು. "ನನ್ನ ಹೆಸರಿದ್ರೆ ನಾಲ್ಕು ಜನ ತೆಗೆದು ನೋಡ್ತಾರೆ. ಹೋಗ್ಲಿ ಬಿಡು, ಮರ್ಯಾದೆ ಮನೆಯಲ್ಲೇ ಉಳೀತಲ್ಲ."

"ಅಣ್ಣ ಹೇಳೋದೂ ಸರೀನೇ ಅಲ್ವಾ?" ಎಂದಿದ್ದಳು ಹೆಂಡತಿ, ಅಣ್ಣನ ತಟ್ಟೆಗೆ ಇನ್ನೊಂದು ಸುತ್ತು ಬಡಿಸುತ್ತ.

ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಭಾವ ಯೋಜನೆಯ ಜೀವವನ್ನೇ ಕಿತ್ತು ಹಾಕಿದ್ದ. ಬೇರೆ ಪಥ ಉಳಿಯಿತು, ಎತ್ತರದ ಕಟ್ಟೆ ಉಳಿಯಿತು. ಸಿಗ್ನಲ್ಲುಗಳ ಪಟ್ಟಿ ಹೋಯಿತು. ಅಡ್ಡರಸ್ತೆಗಳು ಬಂದಲ್ಲೆಲ್ಲ ಬಸ್ಸು ಉಳಿದ ಗಾಡಿಗಳ ಜೊತೆ ಮುಖ ಬಾಡಿಸಿಕೊಂಡು ನಿಲ್ಲಬೇಕಾಯಿತು. ಮೂವತ್ತೊಂದಿದ್ದ ಕಡೆ ಭಾವ ಅರವತ್ತೆಂಟು ಎಂದು ಅಚ್ಚು ಹಾಕಿಸಿದ. "ಮೂವತ್ತೊಂದು ಅಂದ್ರೆ ಜನ ನಗ್ತಾರೆ ಕಣಯ್ಯಾ. ನೀನು ಕಾಗದದ ಮೇಲೆ ಬಸ್ಸು ಓಡಿಸೋನು. ನಾನು ರಸ್ತೆ ಮೇಲೆ ಓಡಿಸ್ಬೇಕು."

ಪ್ರಾಯೋಗಿಕ ಓಡಾಟ ಶುರುವಾದ ಮೇಲೆ ಭಾವನ ಕಚೇರಿ ವಿಮಾನ ನಿಲ್ದಾಣದ ತುದಿಯಲ್ಲಿದ್ದ ತಗಡಿನ ಶೆಡ್ಡಿಗೆ ಹೋಯಿತು. ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಿದ್ದದ್ದು ಅಲ್ಲಿಗೆ. ದಿನವೂ ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಫೋನು.

"ಏನಪ್ಪಾ ಗಡಿಯಾರ, ನಿನ್ನ ಬಸ್ಸು ಈಗ ಬಂತು ನೋಡು. ಅರವತ್ತೊಂಬತ್ತು! ನಿನ್ನ ಮೂವತ್ತೊಂದು ಇನ್ನೂ ದಾರೀಲಿದೆಯೇನೋ, ಬಂದ್ಮೇಲೆ ಹೇಳ್ತೀನಿ."

ಹಿಂದೆ ಯಾರೋ ನಗುವ ಸದ್ದು. ಸ್ಪೀಕರ್ ಹಾಕಿ ಮಾತಾಡುತ್ತಿದ್ದ ಭಾವ.

ಕೋಪ ಬಂದವರು ಕೂಗಾಡುತ್ತಾರೆ, ಮೇಜು ಗುದ್ದುತ್ತಾರೆ, ರಾಜೀನಾಮೆ ಬರೆದು ಹರಿಯುತ್ತಾರೆ. ಅವನು ವೇಳಾಪಟ್ಟಿ ಬರೆದ.

ಭಾವ ಇಟ್ಟಿದ್ದ ‘ಗಡಿಯಾರ’ ಎಂಬ ಹೆಸರು ಕಚೇರಿಯಲ್ಲೂ ಅಂಟಿಕೊಂಡಿತ್ತು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಪ್ಪು ಸಮಯ ತೋರಿಸುವ ಗಡಿಯಾರವನ್ನು ಕಂಡರೆ ಅವನಿಗೆ ಕಣ್ಣಲ್ಲಿ ಕಸ ಬಿದ್ದ ಹಾಗೆ. ನೆಂಟರ ಮನೆಗೆ ಹೋದರೆ ಮಾತು ಶುರುವಾಗುವ ಮೊದಲೇ ಸ್ಟೂಲು ಹತ್ತಿ ಗೋಡೆಯ ಗಡಿಯಾರದ ಮುಳ್ಳು ಸರಿಪಡಿಸುತ್ತಿದ್ದ. ದಂತವೈದ್ಯರ ಕೋಣೆಯಲ್ಲಿ ಬಾಯಿ ತೆರೆದು ಮಲಗಿದವನು ಅರ್ಧಕ್ಕೆ ಎದ್ದು, ಎದುರಿನ ಗೋಡೆಯ ಕಡೆ ಕೈ ತೋರಿಸಿದ್ದುಂಟು. ಅಂಕಿಗಳ ವಿಷಯದಲ್ಲೂ ಹಾಗೆಯೇ. ತಪ್ಪಿದ ಅಂಕಿಯ ಮೇಲೆ ಇನ್ನೊಂದನ್ನು ತಿದ್ದಿ ಕಪ್ಪು ಮಾಡುವವರನ್ನು ಅವನು ಕ್ಷಮಿಸುತ್ತಿರಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ತಿದ್ದಿದವರ ಚಿಕ್ಕ ಸಹಿ: ವಿಭಾಗದ ಕಟ್ಟಳೆ ಅದು. ಎಣಿಕೆಯ ಚೀಟಿಗಳನ್ನು ತಾಳೆ ನೋಡುವ ಹೆಂಗಸು, ಕಚೇರಿಗೆಲ್ಲ ತಾಳೆಯಕ್ಕ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರನ್ನು ಎಂಟು ಮಾಡಿದ್ದಕ್ಕೆ ಅವನು ಅವಳಿಂದ ನಾನೂರು ಚೀಟಿಗಳನ್ನು ಮತ್ತೆ ಬರೆಸಿದ್ದ. ಅಂದು ಅತ್ತವಳು ಇಂದು ಅವನನ್ನು ಗುರು ಎನ್ನುತ್ತಿದ್ದಳು. ಆ ಕಟ್ಟಡದಲ್ಲಿ ಮೂವತ್ತೊಂದನ್ನು ನಂಬಿದ್ದ ಎರಡನೆಯ ಜೀವ ಅವಳು.

ಕೊಲೆಯ ವೇಳಾಪಟ್ಟಿಯನ್ನು ಅವನು ಕಾಗದದ ಮೇಲೆ ಬರೆಯಲಿಲ್ಲ. ಮನಸ್ಸಿನಲ್ಲೇ ಬರೆದು, ಮನಸ್ಸಿನಲ್ಲೇ ತಿದ್ದಿದ.

ಭಾವನ ಒಂದು ಅಭ್ಯಾಸದಿಂದ ಅದು ಶುರುವಾಗುತ್ತಿತ್ತು. ಕೊನೆಯ ನಿಲ್ದಾಣದಿಂದ ವಿಮಾನ ನಿಲ್ದಾಣದ ಕಟ್ಟಡಕ್ಕೆ ಕಾಲುಸೇತುವೆ ಕಟ್ಟುತ್ತಿದ್ದರು. ಅರ್ಧ ಮುಗಿದಿತ್ತು. ಮುಗಿಯದ ತುದಿಯಲ್ಲಿ ಒಂದು ಕಬ್ಬಿಣದ ಸರಪಳಿ, ಅದರಾಚೆ ಗಾಳಿ, ಕೆಳಗೆ ಕಾಂಕ್ರೀಟು. ದಿನವೂ ಒಂದೂಮುಕ್ಕಾಲಿಗೆ, ಕೆಲಸದವರು ಊಟಕ್ಕೆ ಶೆಡ್ಡಿನ ಹಿಂದಿನ ನೆರಳಿಗೆ ಹೋದ ಮೇಲೆ, ಭಾವ ಒಬ್ಬನೇ ಮೇಲೆ ಹತ್ತುತ್ತಿದ್ದ. ಸರಪಳಿ ಬಿಚ್ಚಿ ತುದಿಯಲ್ಲಿ ನಿಂತು, ಬಸ್ಸುಗಳು ತಡವಾಗಿ ಬರುವುದನ್ನು ಕೈಗಡಿಯಾರ ನೋಡಿಕೊಂಡು ಸವಿಯುತ್ತಿದ್ದ. ಮೂರರ ಫೋನಿಗೆ ಸರಕು ಕೂಡುತ್ತಿದ್ದದ್ದು ಅಲ್ಲಿ. ಹಗೆಯವನನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಹಗೆಯವನೇ ದಿನಕ್ಕೊಮ್ಮೆ ಅಂಚಿಗೆ ಬಂದು ನಿಲ್ಲುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ತೊಂಬತ್ತು ನಿಮಿಷ. ಮಧ್ಯಾಹ್ನ ಒಂದು ಐದಕ್ಕೆ ಕೋಣೆಯ ಬಾಗಿಲು ಹಾಕಿ ಊಟ ಮಾಡಿ ಮಲಗುವುದನ್ನು ಅವನು ಎರಡು ವಾರದ ಹಿಂದೆಯೇ ರೂಢಿ ಮಾಡಿಕೊಂಡ. ಯಾರೂ ಬಾಗಿಲು ತಟ್ಟಬಾರದು, ಎರಡು ನಲವತ್ತಕ್ಕೆ ತಾನೇ ತೆರೆಯುತ್ತೇನೆ. ಮೊದಮೊದಲು ಕಚೇರಿ ನಕ್ಕಿತು, ಆಮೇಲೆ ಮರೆಯಿತು. ಕೋಣೆಯ ಹಿಂಬಾಗಿಲು ಹಳೆಯ ಕಡತಗಳ ಕೋಣೆಗೆ, ಅಲ್ಲಿಂದ ಹಿಂದಿನ ಮೆಟ್ಟಿಲಿಗೆ, ಮೆಟ್ಟಿಲಿನಿಂದ ದೊಡ್ಡ ನಿಲ್ದಾಣದ ಪಕ್ಕದ ಓಣಿಗೆ ತೆರೆಯುತ್ತಿತ್ತು.

ಒಂದು ಹದಿನಾರರ ಬಸ್ಸು. ಒಂದು ನಲವತ್ತೇಳಕ್ಕೆ ಕೊನೆಯ ನಿಲ್ದಾಣ. ಒಂದು ಐವತ್ತೆಂಟಕ್ಕೆ ಅಲ್ಲಿಂದ ಹೊರಡುವ ಬಸ್ಸು. ಎರಡು ಇಪ್ಪತ್ತೊಂಬತ್ತಕ್ಕೆ ಮತ್ತೆ ಇಲ್ಲಿ. ನಡುವೆ ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಬೇಕಾಗುವುದಿಲ್ಲ.

ಇಪ್ಪತ್ತು ದಿನಗಳಿಂದ ಒಂದು ಬಸ್ಸೂ ಒಂದು ಗಂಟೆಯೊಳಗೆ ತಲುಪಿರಲಿಲ್ಲ, ನಿಜ. ಆದರೆ ಅವನ ಸಿಗ್ನಲ್ ಪಟ್ಟಿ ಸತ್ತಿರಲಿಲ್ಲ. ಸಿಗ್ನಲ್ ನಿಯಂತ್ರಣ ಕೋಣೆಯ ಕಂಪ್ಯೂಟರಿನಲ್ಲಿ ‘ಪರೀಕ್ಷೆ’ ಎಂಬ ಹೆಸರಿನಡಿ ಎರಡು ವರ್ಷದಿಂದ ಮಲಗಿತ್ತು. ಪರೀಕ್ಷೆ ಎಂದು ಕರೆದ ಯಾವುದಕ್ಕೂ ಆ ಕೋಣೆಯಲ್ಲಿ ದಾಖಲೆ ಇಡುತ್ತಿರಲಿಲ್ಲ. ವಾರದ ತಪಾಸಣೆಗೆ ಹೋದವನು ಆ ಪಟ್ಟಿಗೆ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ ಬಂದರೆ ಸಾಕು: ಗುರುವಾರ, ಒಂದು ಹತ್ತರಿಂದ ಎರಡು ಮೂವತ್ತೈದು. ಅದು ತಾನಾಗಿ ಏಳುತ್ತದೆ, ತಾನಾಗಿ ಮಲಗುತ್ತದೆ.

ಚಾಲಕರು ಬಾಯಿ ಬಿಡುತ್ತಾರೆಯೇ? ಇಲ್ಲ. ಅವನಿಗಿಂತ ಚೆನ್ನಾಗಿ ಚಾಲಕರನ್ನು ಬಲ್ಲವರಿರಲಿಲ್ಲ. ಸಾರಿಗೆಯಲ್ಲಿ ತಡವಾಗಿ ತಲುಪಿದರೆ ಬೈಗುಳ, ಮುಂಚೆ ತಲುಪಿದರೆ ಮೆಮೊ. ಮುಂಚೆ ಬಂದವನು ಅತಿವೇಗದಲ್ಲಿ ಓಡಿಸಿದ್ದಾನೆ ಎಂದೇ ಲೆಕ್ಕ. ಎಷ್ಟು ಬೇಗ ಮುಟ್ಟಿದರೂ ಅವರು ಹಾಳೆಯಲ್ಲಿ ಬರೆಯುವುದು ಅಚ್ಚಾದ ಸಮಯವನ್ನೇ. ಕ್ಯಾಮೆರಾಗಳು? ಬಸ್ಸಿಗೂ ನಿಲ್ದಾಣಕ್ಕೂ ಅವು ಬರುವುದು ಮೂರನೆಯ ಹಂತದಲ್ಲಿ. ಆ ಹಂತವನ್ನು ಬರೆದವನೂ ಅವನೇ.

ಉಳಿದದ್ದು ಚೀಟಿಗಳು. ಪ್ರಯೋಗದ ಬಸ್ಸು ಹತ್ತುವ ಪ್ರತಿಯೊಬ್ಬರಿಗೂ ಬಾಗಿಲಲ್ಲಿ ಒಂದು ಹಳದಿ ಚೀಟಿ ಕೊಡುತ್ತಿದ್ದರು: ಹತ್ತಿದ ಜಾಗ, ಹತ್ತಿದ ಸಮಯ. ಇಳಿಯುವಾಗ ಇನ್ನೊಬ್ಬರು ಅದನ್ನು ವಾಪಸು ಪಡೆದು ಇಳಿದ ಸಮಯದ ಮೊಹರು ಒತ್ತುತ್ತಿದ್ದರು. ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂದು ತಿಳಿಯಲು ಅವನೇ ಮಾಡಿದ ಏರ್ಪಾಡು. ಚೀಟಿಯಲ್ಲಿ ಹೆಸರಿಲ್ಲ, ಮುಖವಿಲ್ಲ. ಚೀಟಿ ಕೊಡುವವರು ಭಾವ ಗುತ್ತಿಗೆಯಲ್ಲಿ ತಂದ ಹೊಸಬರು, ಅವನನ್ನು ಕಂಡವರಲ್ಲ. ಯಾರಾದರೂ ಆ ಮೂಟೆಗಳನ್ನು ಬಿಚ್ಚಿ ತಾಳೆ ನೋಡಿದರೂ ಒಂದು ಮಧ್ಯಾಹ್ನದ ನಾಲ್ಕು ಬಸ್ಸು ಇಪ್ಪತ್ತು ದಿನದ ಸರಾಸರಿಯಲ್ಲಿ ಕರಗಿಹೋಗುತ್ತವೆ. ಕರಗದಿದ್ದರೂ ಅದರಿಂದ ಸಾಬೀತಾಗುವುದು ಬಸ್ಸು ಬೇಗ ಬಂತು ಎಂಬುದು. ಅದರೊಳಗೆ ಅವನಿದ್ದ ಎಂಬುದಲ್ಲ.

ಬೀಗದ ಮೇಲೆ ಬೀಗ. ಇಷ್ಟು ದೊಡ್ಡ ಬುದ್ಧಿಯನ್ನು ಕೊಟ್ಟವನು ಅದನ್ನು ಕೊಟ್ಟದ್ದು ಯಾತಕ್ಕೆ ಎಂದು ಅವನು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು, ಒಂದು ಜೀವ ಉಳಿಯುತ್ತಿತ್ತು.

ಗುರುವಾರ ಒಂದು ಐದಕ್ಕೆ ಬಾಗಿಲು ಹಾಕಿದ. ಫೋನನ್ನು ಸದ್ದಿಲ್ಲದಂತೆ ಮಾಡಿ ಡ್ರಾಯರಿನಲ್ಲಿಟ್ಟ. ಪರ್ಸು, ಗುರುತಿನ ಚೀಟಿ, ಮನೆಯ ಬೀಗದ ಕೈ ಎಲ್ಲವನ್ನೂ ತೆಗೆದಿಟ್ಟ. ಯಾರದೂ ಅಲ್ಲದ ಬೂದು ಬಣ್ಣದ ಅಂಗಿ, ಕಣ್ಣಿನವರೆಗೆ ಎಳೆದ ಟೋಪಿ, ಧೂಳಿಗೆ ಕಟ್ಟುವ ಮುಖವಸ್ತ್ರ, ಕೈಯಲ್ಲಿ ಪ್ರಯಾಣದ ಖಾಲಿ ಚೀಲ. ಮೈಮೇಲೆ ಉಳಿದದ್ದು ಕೈಗಡಿಯಾರ ಮತ್ತು ಪೆನ್ನು. ಅವೆರಡನ್ನು ಅವನು ಸಾಮಾನು ಎಂದುಕೊಂಡವನೇ ಅಲ್ಲ, ಬೆರಳು ಮೂಗು ಇದ್ದ ಹಾಗೆ ಅವು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಅವನ ಮುಖ ನೋಡದೆ ಚೀಟಿ ಚಾಚಿದಳು. "ಇಳಿಯೋವಾಗ ವಾಪಸ್ ಕೊಡಿ, ಕಳ್ಕೋಬೇಡಿ."

ಹಿಂದಿನಿಂದ ಮೂರನೆಯ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತ. ಚೀಟಿಯಲ್ಲಿ 1.14 ಎಂದಿತ್ತು. ಅವನು ಹತ್ತಿದ್ದೂ ಬಸ್ಸು ಹೊರಟದ್ದೂ 1.16ಕ್ಕೆ. ಹುಡುಗಿಯ ಗಡಿಯಾರ ಎರಡು ನಿಮಿಷ ಹಿಂದೆ! ಒಂದು ಗಡಿಯಾರ ಸರಿಯಿಟ್ಟುಕೊಳ್ಳಲಾರದವರನ್ನು ಸಮಯದ ಎಣಿಕೆಗೆ ತಂದು ನಿಲ್ಲಿಸಿದ್ದಾನಲ್ಲ ಎಂದು ಭಾವನ ಮೇಲೆ ಹೊಸದಾಗಿ ಸಿಟ್ಟು ಬಂತು. ಮೊದಲ ಸಿಗ್ನಲ್ ಹತ್ತಿರವಾಗುವ ಹೊತ್ತಿಗೆ ಸಿಟ್ಟು ಇಳಿದು ಮನಸ್ಸು ತಣ್ಣಗಾಗಿತ್ತು. ಚೀಟಿಯನ್ನು ಅಂಗಿಯ ಜೇಬಿಗೆ ಇಳಿಸಿ ತಲೆಯೆತ್ತಿದ.

ಸಿಗ್ನಲ್ ಹಸಿರಾಯಿತು.

ಎರಡನೆಯದು ಹಸಿರಾಯಿತು. ಮೂರನೆಯದು ಬಸ್ಸು ಬರುವುದನ್ನೇ ಕಾಯುತ್ತಿತ್ತೇನೋ ಎಂಬಂತೆ ಹಸಿರಾಯಿತು. ಪಕ್ಕದ ರಸ್ತೆಯಲ್ಲಿ ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಹಾರ್ನು ಹೊಡೆಯುತ್ತಿದ್ದವು. ಬಸ್ಸು ತುಂಬಿದ ಹೊಳೆಯ ದೋಣಿಯ ಹಾಗೆ ಸಾಗಿತು. ಮುಂದಿನ ಸೀಟಿನ ಮುದುಕಿ ಮಗಳಿಗೆ ಹೇಳುತ್ತಿದ್ದಳು: "ನೋಡೇ, ನಿಲ್ತಾನೇ ಇಲ್ಲ! ನಾವು ಬೇಗ ಹೋಗ್ಬಿಡ್ತೀವಿ. ಇನ್ನೂ ಹೊತ್ತಿದೆ, ಕಾಫಿ ಕುಡೀಬಹುದು." ಚಾಲಕ ಹತ್ತನೆಯ ಸಿಗ್ನಲ್ಲಿನಲ್ಲಿ "ಇವತ್ತು ಯಾರ ಮುಖ ನೋಡಿ ಎದ್ನಪ್ಪಾ!" ಎಂದು ಗಟ್ಟಿಯಾಗಿ ನಕ್ಕ.

ಅವನು ಕಿಟಕಿಗೆ ಹಣೆಯೊತ್ತಿ ನೋಡಿದ. ಹನ್ನೊಂದು ಸಲ ನಡೆದ ದಾರಿ ಅದು. ಅವನ ಜೀವಮಾನದ ಕೆಲಸ ಕಣ್ಣೆದುರು ನಿಜವಾಗುತ್ತಿತ್ತು, ಮತ್ತು ಅದನ್ನು ಅವನು ಯಾರಿಗೂ ಹೇಳುವ ಹಾಗಿರಲಿಲ್ಲ. ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಂತಾಗ 1.47. ಚೀಟಿ ಕೊಟ್ಟು ಇಳಿದ. ಮೊಹರು ಬಿದ್ದ ಸದ್ದು ಬೆನ್ನ ಹಿಂದೆ ಕೇಳಿತು.

ಕಾಲುಸೇತುವೆಯ ತುದಿಯಲ್ಲಿ ಭಾವ ಎಂದಿನಂತೆ ನಿಂತಿದ್ದ. ಸರಪಳಿ ಬಿಚ್ಚಿತ್ತು. ಬಸ್ಸುಗಳು ಎಂದಿಗಿಂತ ಬೇಗ ಬರುವುದನ್ನು ಶೆಡ್ಡಿನಿಂದಲೇ ಕಂಡು ಬೆರಗಾಗಿದ್ದ, ಆದರೆ ಯಾರಿಗೂ ಫೋನು ಮಾಡಿರಲಿಲ್ಲ. ಮಾಡಿದ್ದರೆ ಹೆಗ್ಗಳಿಕೆ ಹಂಚಿಕೊಳ್ಳಬೇಕಾಗುತ್ತಿತ್ತು.

"ನೀನಾ? ನೀನ್ಯಾವಾಗ ಬಂದೆ?"

"ಈ ಬಸ್ಸಲ್ಲೇ ಬಂದೆ, ಭಾವ. ಒಂದು ಹದಿನಾರರದ್ದು."

ಭಾವ ಕೈಗಡಿಯಾರ ನೋಡಿದ. ತುಟಿ ಅಲ್ಲಾಡಿತು, ಲೆಕ್ಕ ಹಾಕಿತು. ಆ ಒಂದು ಗಳಿಗೆ ಅವನು ಕಾದ. ತಪ್ಪು ಮಾಡಲು ಹೊರಟವನಿಗೂ ದಾರಿಯಲ್ಲಿ ಎಲ್ಲೋ ಒಂದು ಚಿಕ್ಕ ಬಾಗಿಲು ತೆರೆದೇ ಇರುತ್ತದೆ. ‘ನೀನು ಹೇಳಿದ್ದೇ ನಿಜ’ ಎಂಬ ಮೂರು ಪದ ಭಾವನ ಬಾಯಿಂದ ಬಂದಿದ್ದರೆ ಅವನು ಆ ಬಾಗಿಲಿನಿಂದ ಹಿಂದಕ್ಕೆ ಹೋಗಿಬಿಡುತ್ತಿದ್ದನೋ ಏನೋ.

"ಮೂವತ್ತೊಂದು!" ಭಾವ ತೊಡೆ ತಟ್ಟಿಕೊಂಡು ಗಹಗಹಿಸಿ ನಕ್ಕ. "ಮೂವತ್ತೊಂದು ಕಣೋ! ನಾಳೇನೇ ಪತ್ರಿಕೆಯವರನ್ನ ಕರೆಸ್ತೀನಿ. ನನ್ನ ಬಸ್ಸು ಅಂದ್ರೆ ಹಿಂಗಿರ್ಬೇಕು ನೋಡು!"

ಬಾಗಿಲು ಮುಚ್ಚಿತು. ಎರಡೂ ಕೈ ಚಾಚಿದ. ಹೆಚ್ಚು ಬಲ ಬೇಕಾಗಲಿಲ್ಲ.

1.58ರ ಬಸ್ಸು ಹತ್ತಿದ. 2.29ಕ್ಕೆ ಓಣಿಯಲ್ಲಿದ್ದ. 2.40ಕ್ಕೆ ಕೋಣೆಯ ಬಾಗಿಲು ತೆರೆದು, "ಯಾರ್ರೀ ಅಲ್ಲಿ, ನೀರು ತನ್ನಿ" ಎಂದು ಆಕಳಿಸಿದ.

ಪೊಲೀಸ್ ಇನ್ಸ್‌ಪೆಕ್ಟರ್ ನಿಧಾನದ ಮನುಷ್ಯ, ಪ್ರತಿಯೊಂದು ಮಾತಿಗೂ ಮೊದಲು ಉಸಿರು ಬಿಡುವವನು. ಭಾವ ಕಾಲು ಜಾರಿ ಬಿದ್ದದ್ದೆಂದು ಎಲ್ಲರೂ ಹೇಳುತ್ತಿರುವಾಗ ಅವನೊಬ್ಬ ಒಪ್ಪಲಿಲ್ಲ.

"ಊಟ ಮಾಡ್ತಿದ್ದ ಗಾರೆ ಕೆಲಸದವನೊಬ್ಬ ನಗು ಕೇಳಿದಾನೆ. ಬೀಳೋಕೆ ಸ್ವಲ್ಪ ಮುಂಚೆ, ಜೋರು ನಗು. ಒಬ್ಬನೇ ನಿಂತಿರೋ ಮನುಷ್ಯ ಅಷ್ಟು ಜೋರಾಗಿ ನಗೋದಿಲ್ಲ." ಉಸಿರು ಬಿಟ್ಟ. "ನಿಮಗೂ ಅವರಿಗೂ ಅಷ್ಟಕ್ಕಷ್ಟೇ ಅಂತೆ?"

"ಮನೆ ಅಂದ ಮೇಲೆ ಇದ್ದದ್ದೇ."

"ಆ ಹೊತ್ತಲ್ಲಿ?"

"ಇಲ್ಲೇ ಮಲಗಿದ್ದೆ. ಕಚೇರಿಯವರನ್ನ ಕೇಳಿ. ಒಂದು ಐದರಿಂದ ಎರಡು ನಲವತ್ತು. ವಿಮಾನ ನಿಲ್ದಾಣಕ್ಕೆ ಕಾರಲ್ಲಿ ಹೋಗೋಕೇ ಒಂದೂಕಾಲು ಗಂಟೆ ಬೇಕು ಸ್ವಾಮಿ. ಬರೋಕೆ ಇನ್ನೊಂದೂಕಾಲು."

"ನಿಮ್ಮ ಹೊಸ ಬಸ್ಸು?"

"ಸರಾಸರಿ ಅರವತ್ತೆಂಟು ನಿಮಿಷ. ಹಾಳೆಗಳಿವೆ, ನೋಡಿ." ಅಷ್ಟು ಹೇಳಿ ಸುಮ್ಮನಾಗಬೇಕೆಂದುಕೊಂಡ, ಆಗಲಿಲ್ಲ. "ನಿಮ್ಮ ವಾಚು ಐದು ನಿಮಿಷ ಮುಂದಿದೆ."

ಇನ್ಸ್‌ಪೆಕ್ಟರ್ ವಾಚು ನೋಡಿಕೊಂಡ, ಅವನನ್ನು ನೋಡಿದ, ನಕ್ಕ. "ಹೆಂಡ್ತಿ ಮುಂದಿಟ್ಟಿದಾಳೆ, ಎಲ್ಲಾದಕ್ಕೂ ತಡ ಮಾಡ್ತೀನಿ ಅಂತ."

ಹೆಂಡತಿ. ಅವನ ಮನೆಯಲ್ಲಿ ಹೆಂಡತಿ ಅಣ್ಣನ ಫೋಟೋ ಮುಂದೆ ಕುಳಿತು ಅವನ ಕಡೆ ನೋಡದೆ ಹೇಳುತ್ತಿದ್ದಳು: "ನಿಮಗೀಗ ಸಮಾಧಾನ ಆಯ್ತಲ್ಲ." ಅದು ಅನುಮಾನವೋ ದುಃಖವೋ ಅವನು ಕೇಳಲಿಲ್ಲ. ಅವನಿಗೆ ಬೇರೆ ಚಿಂತೆಯಿತ್ತು. ಅವನ ಕುತ್ತಿಗೆ ಈಗ ಒಂದೇ ಸುಳ್ಳಿನ ಮೇಲೆ ನಿಂತಿತ್ತು: ಯಾವ ಬಸ್ಸೂ ಅಷ್ಟು ಬೇಗ ಹೋಗಲಾರದು. ಆ ಸುಳ್ಳು ಬದುಕಬೇಕಾದರೆ ಮೂವತ್ತೊಂದು ಸಾಯಬೇಕು. ಭಾವ ಕಿತ್ತದ್ದು ಯೋಜನೆಯ ಜೀವವನ್ನು. ಅದರ ಹೆಣವನ್ನು ಹೂಳುವ ಕೆಲಸ ಅವನ ಪಾಲಿಗೆ ಬಂತು. ಇಡೀ ಬಸ್ ಸೇವೆಯನ್ನೇ ಕೈಬಿಡುವಂತೆ ಅವನೇ ಟಿಪ್ಪಣಿ ಬರೆದ. ಪ್ರಯೋಗದ ಚೀಟಿಗಳ ಮೂಟೆಗಳನ್ನು ರದ್ದಿಗೆ ಹಾಕಬೇಕೆಂದು ಆದೇಶ ಮಾಡಿದ.

ಆದೇಶದ ಪ್ರತಿ ಹಿಡಿದು ತಾಳೆಯಕ್ಕ ಕೋಣೆಗೆ ಬಂದಳು.

"ಸರ್, ಇದೇನು? ತಾಳೆ ನೋಡ್ದೆ ರದ್ದಿಗಾ?"

"ಹೌದು."

"ಮೂವತ್ತೊಂದು ಆಗತ್ತೆ ಅಂತ ನೀವೇ ತಾನೇ ನಮಗೆಲ್ಲ ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟಿದ್ದು?"

"ತಪ್ಪು ಲೆಕ್ಕ ಅದು."

ಅವಳು ನಕ್ಕಳು, ತಮಾಷೆಯೆಂದುಕೊಂಡು. ಅವನು ನಗಲಿಲ್ಲ. ಅವಳ ಮುಖ ಇಳಿಯಿತು.

"ನೀವು ತಪ್ಪು ಲೆಕ್ಕ ಹಾಕಿದ್ರಿ ಅಂತ ನೀವೇ ಹೇಳಿದ್ರೂ ನಾನು ನಂಬಲ್ಲ ಸರ್. ಅಷ್ಟು ಖಂಡಿತವಾಗಿ ತಪ್ಪಾಗಿದ್ರೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿಕೊಡಿ. ಕಟ್ಟಳೆ ನಿಮ್ಮದೇ."

"ಹೋಗಮ್ಮಾ, ಹೇಳಿದ ಕೆಲಸ ಮಾಡು!"

ಅವಳು ಹೋದಳು. ಮರುದಿನದಿಂದ ಐದು ದಿನ ರಜೆ ಹಾಕಿದಳು. ಸಿಟ್ಟು ಮಾಡಿಕೊಂಡಿದ್ದಾಳೆ, ಮಾಡಿಕೊಳ್ಳಲಿ ಎಂದುಕೊಂಡ. ಮೂಟೆಗಳು ಗೋದಾಮಿನಲ್ಲಿ ಇರಲಿಲ್ಲ. ರದ್ದಿಗೆ ಹೋದವೆಂದು ಲೆಕ್ಕ ಹಾಕಿದ. ಯಾವುದನ್ನೂ ಎರಡು ಸಲ ಎಣಿಸದೆ ಬಿಡದವನು ಅದೊಂದನ್ನು ಎಣಿಸಲು ಹೋಗಲಿಲ್ಲ.

ತೀರ್ಮಾನದ ಸಭೆಯ ದಿನ ಉದ್ದ ಮೇಜಿನ ಸುತ್ತ ಆರು ಮಂದಿ ಅಧಿಕಾರಿಗಳು. ಮೂಲೆಯ ಕುರ್ಚಿಯಲ್ಲಿ ಇನ್ಸ್‌ಪೆಕ್ಟರ್. ಕಡತ ಮುಚ್ಚುವ ಮೊದಲು ಒಂದು ಹೇಳಿಕೆಗೆ ಸಹಿ ಬೇಕಿತ್ತಂತೆ. ಅವನು ಎದ್ದು ನಿಂತು ತನ್ನ ಇಪ್ಪತ್ತೆರಡು ವರ್ಷದ ಕೆಲಸವನ್ನು ಶಾಂತವಾದ ದನಿಯಲ್ಲಿ, ಅಂಕಿ ಸಮೇತ, ಸುಳ್ಳೆಂದು ಸಾಧಿಸಿದ. "ಅರವತ್ತೆಂಟು. ಏನೇ ಮಾಡಿದರೂ ಇದಕ್ಕಿಂತ ಬೇಗ ಒಂದು ಬಸ್ಸೂ ಆ ದಾರಿಯಲ್ಲಿ ಹೋಗಲಾರದು, ಹೋದದ್ದೂ ಇಲ್ಲ."

"ಹೋಗಿದೆ ಸರ್."

ಬಾಗಿಲಲ್ಲಿ ತಾಳೆಯಕ್ಕ. ಕಣ್ಣು ಕೆಂಪಾಗಿತ್ತು, ಕಂಕುಳಲ್ಲಿ ಹಳದಿ ಚೀಟಿಗಳ ಕಂತೆ. ಮೂಟೆಗಳನ್ನು ಅವಳು ಮನೆಗೆ ಸಾಗಿಸಿದ್ದಳು. ಐದು ದಿನ ನಡುಮನೆಯಲ್ಲಿ ಹರವಿಕೊಂಡು ಹದಿನೆಂಟು ಸಾವಿರ ಚೀಟಿ ತಾಳೆ ನೋಡಿದ್ದಳು.

"ಆ ಗುರುವಾರ, ದೊಡ್ಡ ಸಾಹೇಬ್ರು ತೀರಿಕೊಂಡ ದಿನ, ಮಧ್ಯಾಹ್ನದ ಹೊತ್ತಲ್ಲಿ ಹತ್ತಿದವರೆಲ್ಲ ಮೂವತ್ತೊಂದು, ಮೂವತ್ತೆರಡು, ಹೆಚ್ಚಂದ್ರೆ ಮೂವತ್ತಮೂರರಲ್ಲಿ ತಲುಪಿದಾರೆ. ನಮ್ಮ ಸರ್ ಸಂಕೋಚದವರು, ತಮ್ಮ ಲೆಕ್ಕ ತಪ್ಪು ಅಂತ ತಾವೇ ಹೇಳ್ಕೊಳ್ತಿದಾರೆ. ತಪ್ಪಲ್ಲ. ಅವರು ಹೇಳಿದ್ದು ಆಗಿದೆ."

ಇನ್ಸ್‌ಪೆಕ್ಟರ್ ಮೂಲೆಯಲ್ಲಿ ಉಸಿರು ಬಿಟ್ಟ ಸದ್ದು ಕೇಳಿತು. ಈ ಬೀಗ ಮುರಿಯಬಹುದೆಂದು ಅವನಿಗೆ ಮೊದಲೇ ಗೊತ್ತಿತ್ತು. ಇದರ ಹಿಂದೆ ಇನ್ನೊಂದಿತ್ತು. ಬಸ್ಸು ಹೋಗಿರಬಹುದು. ಅದರಲ್ಲಿ ಯಾರಿದ್ದರೆಂದು ಹೆಸರಿಲ್ಲದ ಕಾಗದ ಹೇಳಲಾರದು. ನಕ್ಕು, ಹಳೆಯ ಮೇಷ್ಟರ ದನಿಯಲ್ಲಿ ಕೇಳಿದ: "ಗುತ್ತಿಗೆಯವರು ಗೀಚಿದ ಚೀಟಿ ಇವು. ಪರಿಶೀಲನೆಯಿಲ್ಲದ ಚೀಟಿಗೆ ಬೆಲೆಯಿಲ್ಲ ಅಂತ ಎಷ್ಟು ಸಲ ಹೇಳಿಲ್ಲ ನಿನಗೆ? ಇವನ್ನ ಸ್ಥಳದಲ್ಲಿ ನೋಡಿ ಖಾತ್ರಿ ಮಾಡಿದವರು ಯಾರು, ಹೇಳು?"

"ನೀವೇ ಸರ್!" ಅವಳ ಮುಖ ಅರಳಿತು. ಇದೇ ಪ್ರಶ್ನೆಗಾಗಿ ಐದು ದಿನ ಕಾದಿದ್ದವಳಂತೆ, ಕಂತೆಯ ಮೇಲೆ ಬೇರೆಯಾಗಿ ಇಟ್ಟಿದ್ದ ಒಂದು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಅವನ ಮುಂದೆ ಅಲ್ಲ, ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟಳು. ಇನ್ಸ್‌ಪೆಕ್ಟರ್ ಎದ್ದು ಬಂದು ಬಗ್ಗಿದ. ಹತ್ತಿದ ಜಾಗ, ದೊಡ್ಡ ನಿಲ್ದಾಣ. ಇಳಿದ ಸಮಯದ ಮೊಹರು, 1.47. ಹತ್ತಿದ ಸಮಯ 1.14 ಎಂಬುದರ ಮೇಲೆ ಒಂದೇ ಒಂದು ನೇರವಾದ ಗೆರೆ. ಅದರ ಮೇಲೆ ಹಸಿರು ಶಾಯಿಯಲ್ಲಿ, ಒಂದಿಷ್ಟೂ ಕೈ ನಡುಗದೆ ಬರೆದ 1.16. ಪಕ್ಕದಲ್ಲಿ, ಇಪ್ಪತ್ತೆರಡು ವರ್ಷ ಆ ಕಚೇರಿಯ ಪ್ರತಿಯೊಂದು ಹಾಳೆಯಲ್ಲೂ ಬಿದ್ದಿದ್ದ, ಆ ಮೇಜಿನ ಸುತ್ತ ಕುಳಿತ ಆರೂ ಮಂದಿಗೆ ಪರಿಚಯವಿದ್ದ ಅವನ ಚಿಕ್ಕ ಸಹಿ.